ಬ್ರೀಡರ್ ಶೆಡ್ಡಿನಿಂದ ಬಂದ ತಾಯಿನಾಯಿ: ಸುಮ್ಮನಿದೆ ಅಂತ ಬೇಗ ದತ್ತು ಕೊಡಬೇಡಿ

"ಎಷ್ಟು ಸಾಧು ನಾಯಿ ರೀ ಇದು, ಒಂದು ಸಲನೂ ಬೊಗಳಲಿಲ್ಲ!" ಮಾರಾಟಕ್ಕೆ ಮರಿ ಹಾಕಿಸುವ ಬ್ರೀಡರ್ ಶೆಡ್ಡಿನಿಂದ ಬಿಡಿಸಿ ತಂದ ಲ್ಯಾಬ್ರಡಾರ್, ಪಗ್, ಶಿಟ್ಜು ತಾಯಿನಾಯಿಗಳನ್ನು ನೋಡಲು ಬರುವವರು ಮೊದಲು ಹೇಳುವ ಮಾತು ಇದು. ನಾಯಿ ಬಿಡಿಸಿ ತಂದು ದತ್ತು ಕೊಡುವ ಈ ಕೆಲಸದಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವ ಮಾತೂ ಇದೇ. ಪಂಜರದಲ್ಲೇ ಬೆಳೆದು, ಬೆದೆಗೆ ಬಂದಾಗಲೆಲ್ಲ ಮರಿ ಹಾಕಿ ಸೋತ ನಾಯಿ ಮೂಲೆ ಹಿಡಿದು ಕೂತಿದೆ ಎಂದರೆ ಅದು ಭಯಕ್ಕೆ ಮರಗಟ್ಟಿದೆ ಎಂದರ್ಥ, ಸಾಧು ಎಂದಲ್ಲ. ಆ ಸ್ಥಿತಿಯಲ್ಲೇ ಕೊಟ್ಟರೆ ಮೂರ್ನಾಲ್ಕು ವಾರಕ್ಕೆ ಮೈ ಬಿಚ್ಚುತ್ತದೆ: ಬೊಗಳುತ್ತದೆ, ತಟ್ಟೆ ಹತ್ತಿರ ಬಂದರೆ ಗುರ್ ಎನ್ನುತ್ತದೆ, ಗೇಟು ತೆರೆದರೆ ನುಸುಳುತ್ತದೆ. ಆಗ "ಇದು ನೀವು ತೋರಿಸಿದ ನಾಯಿಯೇ ಅಲ್ಲ" ಎಂದು ವಾಪಸ್ ತಂದುಬಿಡುತ್ತಾರೆ. ಅದು ನಿಜವಾಗಿ ಎಂಥ ನಾಯಿ ಎಂದು ಗೊತ್ತಾಗುವವರೆಗೆ ಇಟ್ಟುಕೊಳ್ಳುವುದೇ ಫಾಸ್ಟರ್ ಮನೆಯ, ಅಂದರೆ ದತ್ತಿಗೆ ಮುನ್ನ ತಾತ್ಕಾಲಿಕವಾಗಿ ಸಾಕುವ ಮನೆಯ ಕೆಲಸ.

ಮೊದಲು ಕಾಗದ. ನಾಯಿಗೆ ಸ್ನಾನ ಮಾಡಿಸುವ ಮುನ್ನ ನಾಲ್ಕೂ ಕಡೆಯಿಂದ, ಗಾಯ, ಉಗುರು, ಹಲ್ಲು ಕಾಣುವಂತೆ ಫೋಟೊ ತೆಗೆಯಿರಿ. ತೊಳೆದ ಮೇಲೆ ಸಾಕ್ಷಿ ಉಳಿಯುವುದಿಲ್ಲ. ಚರ್ಮದಡಿ ಹಾಕುವ ಗುರುತಿನ ಮೈಕ್ರೋಚಿಪ್ ಇದೆಯೇ ಎಂದು ಸ್ಕ್ಯಾನ್ ಮಾಡಿಸಿ, 15 ಅಂಕಿಯ ಸಂಖ್ಯೆ ಬರೆದಿಡಿ. ಬ್ರೀಡರ್ ತಾನಾಗಿ ಬಿಟ್ಟುಕೊಟ್ಟಿದ್ದರೆ ತಳಿ, ಬಣ್ಣ, ಅಂದಾಜು ವಯಸ್ಸು, ಚಿಪ್ ಸಂಖ್ಯೆ ಸಹಿತ ಸಹಿ ಮಾಡಿದ ಪತ್ರ ಬೇಕು. ಪೊಲೀಸರು ವಶಪಡಿಸಿಕೊಂಡ ನಾಯಿಯಾದರೆ ಅದು ಕೇಸಿನ ಸ್ವತ್ತು. ನಿಮಗಿರುವುದು ಪಾಲನೆಯ ಹೊಣೆ ಮಾತ್ರ, ದತ್ತು ಕೊಡಲು ಕೋರ್ಟಿನ ಆದೇಶ ಬೇಕು. ಕೇಂದ್ರದ 2017ರ ಶ್ವಾನ ಸಂವರ್ಧನೆ ನಿಯಮದ ಪ್ರಕಾರ 18 ತಿಂಗಳಿಗೆ ಮೊದಲು, 8 ವರ್ಷದ ನಂತರ ಹೆಣ್ಣು ನಾಯಿಯಿಂದ ಮರಿ ತೆಗೆಯುವಂತಿಲ್ಲ, ಜೀವಮಾನದಲ್ಲಿ 5 ಸೂಲಿಗಿಂತ ಹೆಚ್ಚು ಕೂಡದು. ದೂರು ಕೊಡುವಾಗ ಇದನ್ನು ಬರೆಯಿರಿ.

ಆರೋಗ್ಯದಲ್ಲಿ ನಮ್ಮ ಸೀಮೆಯ ಮೊದಲ ಶತ್ರು ರಕ್ತ ಹೀರುವ ಉಣ್ಣೆ ಹುಳ. ದಾವಣಗೆರೆಯ ಒಣ ಸೆಕೆ ಅದಕ್ಕೆ ಹೇಳಿ ಮಾಡಿಸಿದ್ದು. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ನೋಡಿ. ನಾಯಿಗೆ ಮಾತ್ರೆ ಕೊಟ್ಟರಷ್ಟೇ ಸಾಲದು, ಉಣ್ಣೆ ಗೋಡೆಯ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಮೊಟ್ಟೆ ಇಡುತ್ತದೆ, ಅವನ್ನು ಮುಚ್ಚಿಸಿ. ಜ್ವರ, ಊಟ ಬಿಡುವುದು, ಬಿಳಿಚಿದ ವಸಡು, ಮೂಗಿನಿಂದ ರಕ್ತ ಕಂಡರೆ ಅದೇ ದಿನ ರಕ್ತಪರೀಕ್ಷೆ ಆಗಲಿ. ಉಣ್ಣೆಯಿಂದ ಹರಡುವ ಎರ್ಲಿಕಿಯಾ ಸೋಂಕಿಗೆ (ಉಣ್ಣೆ ಜ್ವರ) ವೈದ್ಯರು ಬರೆಯುವ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನದ ಕೋರ್ಸ್. ಮೂರನೇ ದಿನಕ್ಕೇ ನಾಯಿ ಚುರುಕಾಗುತ್ತದೆ, ಮನೆಯವರು ನಿಲ್ಲಿಸಿಬಿಡುತ್ತಾರೆ, ರೋಗ ಮರಳುತ್ತದೆ. ಮಾತ್ರೆಯನ್ನು ಊಟದ ಜೊತೆ ಕೊಟ್ಟು ನೀರು ಕುಡಿಸಿ, ಗಂಟಲಲ್ಲಿ ಅಂಟಿ ನಿಂತರೆ ಅನ್ನನಾಳ ಸುಡುತ್ತದೆ. ಮೊಸರನ್ನದಲ್ಲಿ ಮುಚ್ಚಿ ಕೊಡುವ ಅಭ್ಯಾಸ ಬಿಡಿ, ಹಾಲಿನ ಕ್ಯಾಲ್ಸಿಯಂ ಔಷಧಿಯ ಬಲ ಕುಗ್ಗಿಸಬಹುದು.

ಎರಡನೆಯದು ಗರ್ಭಕೋಶದ ಕೀವು, ವೈದ್ಯರ ಬಾಯಲ್ಲಿ ಪಯೋಮೆಟ್ರಾ. ಬೆದೆ ಮುಗಿದು ಒಂದೆರಡು ತಿಂಗಳೊಳಗೆ ನಾಯಿ ವಿಪರೀತ ನೀರು ಕುಡಿದು, ಹೊಟ್ಟೆ ಉಬ್ಬಿ, ಹಿಂಭಾಗ ನಾರತೊಡಗಿದರೆ ರಾತ್ರಿಯಾದರೂ ಕಾಯಬೇಡಿ. ಒಳಗೇ ಕಟ್ಟಿಕೊಂಡ ಕೀವಿನಲ್ಲಿ ಸ್ರಾವವೂ ಕಾಣದು, ಅದೇ ಹೆಚ್ಚು ಅಪಾಯ. ಸಂಕೀರ್ಣ ಪ್ರಕರಣಗಳಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಇದೆ. ಮೊಲೆಗಳ ಸುತ್ತ ಗಂಟು ಇದೆಯೇ ಎಂದು ವಾರಕ್ಕೊಮ್ಮೆ ಬೆರಳಾಡಿಸಿ ನೋಡಿ.

ಮನೆಯಲ್ಲಿ ಬೇರೆ ನಾಯಿ ಇದ್ದರೆ ಹೊಸದನ್ನು 14 ದಿನ ಬೇರೆ ಕೋಣೆಯಲ್ಲಿಡಿ, ಪಾರ್ವೊ ಎಂಬ ಅಂಟು ವೈರಸ್ ರೋಗದ ಭಯಕ್ಕೆ. ಜ್ವರ ಇರುವಾಗ ಲಸಿಕೆ ಹಾಕಿಸಬೇಡಿ. ಎಲುಬು ಕಾಣುವಷ್ಟು ಸೊರಗಿದ್ದರೆ ಮರುಕದಿಂದ ತಟ್ಟೆ ತುಂಬಿಸುವುದು ಅಪಾಯ: ಮೊದಲ ದಿನ ಪೂರ್ಣ ಆಹಾರದ ಕಾಲುಭಾಗ, ಅದೂ ನಾಲ್ಕು ಹೊತ್ತಿಗೆ ಹಂಚಿ, ವಾರ ಹತ್ತು ದಿನದಲ್ಲಿ ಪೂರ್ತಿ ಪ್ರಮಾಣಕ್ಕೆ ತನ್ನಿ. ಬೇಯಿಸಿದ ಕೋಳಿ, ಮೊಟ್ಟೆ, ಅನ್ನ ಸಾಕು. ಈರುಳ್ಳಿ ಬೆರೆತ ಮಂಡಕ್ಕಿ ಒಗ್ಗರಣೆಯನ್ನು ಪ್ರೀತಿಗೂ ಹಾಕಬೇಡಿ, ಈರುಳ್ಳಿ ನಾಯಿಯ ರಕ್ತಕಣ ಒಡೆಯುತ್ತದೆ.

ಇನ್ನು ಮನೆ. ಈ ನಾಯಿಗಳಿಗೆ ಟೈಲ್ಸ್ ನೆಲ ಗೊತ್ತಿಲ್ಲ, ಮೆಟ್ಟಿಲು ಗೊತ್ತಿಲ್ಲ, ಕುಕ್ಕರ್ ಸೀಟಿ, ಮಿಕ್ಸಿ ಸದ್ದು ಗೊತ್ತಿಲ್ಲ. ನುಣುಪು ನೆಲದಲ್ಲಿ ಕಾಲು ಜಾರಿದ ನಾಯಿ ಆ ಕೋಣೆಗೆ ಮತ್ತೆ ಕಾಲಿಡದು. ಮಲಗುವ ಜಾಗದಿಂದ ನೀರಿನವರೆಗೆ, ಅಲ್ಲಿಂದ ಹಿತ್ತಲ ಬಾಗಿಲಿನವರೆಗೆ ಗೋಣಿಚೀಲ ಹಾಸಿ. ಎಪಿಎಂಸಿ ಅಂಗಡಿಗಳಲ್ಲಿ ಹಳೇ ಚೀಲ ಸುಲಭವಾಗಿ ಸಿಗುತ್ತವೆ. ಅಡುಗೆಮನೆಗೆ ದೂರದ ಒಂದು ಮೂಲೆ, ಮೇಲೆ ಬಟ್ಟೆ ಮುಚ್ಚಿದ ಮೇಜು, ಅಷ್ಟು ಮರೆ ಸಾಕು. ಅಲ್ಲಿಂದ ಯಾರೂ ಎಳೆದು ತೆಗೆಯಬಾರದು, ಮಕ್ಕಳಂತೂ ಆ ಕಡೆ ಹೋಗಲೇಬಾರದು. ಎದುರು ಕೂರದೆ ಪಕ್ಕಕ್ಕೆ ತಿರುಗಿ ನೆಲದಲ್ಲಿ ಕೂತು, ಕೋಳಿ ಚೂರು ಎಸೆದು, ಎದ್ದು ಹೋಗಿ. ಕೈ ಚಾಚಬೇಡಿ.

ಪಂಜರದಲ್ಲೇ ಒಂದು ಎರಡು ಮಾಡಿ ಬೆಳೆದದ್ದಕ್ಕೆ ಹೊರಗೆ ಹೋಗಬೇಕೆಂಬುದೇ ತಿಳಿದಿರುವುದಿಲ್ಲ. ಎದ್ದ ಕೂಡಲೇ, ಉಂಡ ಮೇಲೆ, ಉಳಿದಂತೆ ಎರಡು ಗಂಟೆಗೊಮ್ಮೆ ಹಿತ್ತಲಿಗೆ ಕರೆದೊಯ್ಯಿರಿ. ಒಳಗೆ ಮಾಡಿದರೆ ಬೈಯಬೇಡಿ. ಬೈಸಿಕೊಂಡ ನಾಯಿ ನಿಮ್ಮೆದುರು ಹೊರಗೂ ಮಾಡುವುದಿಲ್ಲ.

ಒಂದು ನೋಟ್‌ಬುಕ್ ಇಡಿ. ನೀವು ಕೋಣೆಯಲ್ಲಿದ್ದಾಗ ಉಂಡಿತೇ, ಮೈ ಚೆಲ್ಲಿ ಪಕ್ಕಕ್ಕೆ ಮಲಗಿತೇ, ಕರೆಯದೆ ಹತ್ತಿರ ಬಂತೇ, ಯಾವ ಸದ್ದಿಗೆ ನಡುಗಿತು, ಯಾವುದಕ್ಕೆ ಗುರ್ ಎಂದಿತು. ಮೊದಲ ಸಲ ಬೊಗಳಿದಾಗ ಫಾಸ್ಟರ್ ಮನೆಯವರು ಗಾಬರಿಯಾಗಿ ಫೋನ್ ಮಾಡುತ್ತಾರೆ. ಅದು ಒಳ್ಳೆಯ ಸುದ್ದಿ, ದಿನಾಂಕ ಬರೆದಿಡಿ. ಬೊಗಳದ, ಗುರ್ ಎನ್ನದ, ಆಟವನ್ನೂ ಆಡದ ನಾಯಿಯನ್ನು ದತ್ತು ಪಟ್ಟಿಗೆ ಹಾಕಲೇಬೇಡಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಕೆಲವಕ್ಕೆ ಒಂದೂವರೆ ತಿಂಗಳು, ಕೆಲವಕ್ಕೆ ಆರು ತಿಂಗಳು ಹಿಡಿಯುತ್ತದೆ.

ದತ್ತು ಕೇಳುವವರಲ್ಲಿ "ಒಂದು ಸಲ ಕ್ರಾಸ್ ಮಾಡಿಸಬಹುದಾ, ಒಂದೇ ಸೂಲು?" ಎನ್ನುವವರು ಇದ್ದೇ ಇರುತ್ತಾರೆ. ಆದ್ದರಿಂದ ಸಂತಾನಹರಣ ಆಪರೇಷನ್ ಆಗದೆ ನಾಯಿ ಮನೆ ಬಿಡಬಾರದು. "ಆಮೇಲೆ ನಾವೇ ಮಾಡಿಸ್ತೀವಿ" ಎಂಬ ಭರವಸೆಯನ್ನು ಯಾರಿಂದಲೂ ಒಪ್ಪಬೇಡಿ. ಬೆದೆ ಮುಗಿದು ಎರಡು ಮೂರು ತಿಂಗಳು ಕಳೆದಿರಬೇಕು, ಹಾಲು ಬತ್ತಿರಬೇಕು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಎಣಿಕೆ ಸರಿ ಇರಬೇಕು. ಉಣ್ಣೆ ಜ್ವರ ಬಾಕಿ ಇರುವ ನಾಯಿಯನ್ನು ಕೊಯ್ದರೆ ರಕ್ತ ನಿಲ್ಲದೆ ಹೋಗಬಹುದು.

ದತ್ತು ಕೇಳುವವರ ಮನೆಗೆ ಹೋಗಿ ನೋಡಿ. ಗೇಟಿನ ಸರಳುಗಳ ನಡುವೆ ಪಗ್ ತಲೆ ತೂರುತ್ತದೆಯೇ? ಬೈಕ್ ಒಳತರುವಾಗ ಗೇಟು ಎಷ್ಟು ಹೊತ್ತು ತೆರೆದಿರುತ್ತದೆ? ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಮಹಡಿಯ ಮೇಲೆ ಕಟ್ಟುವವರಿಗೆ ಕೊಡಬೇಡಿ. ಏಪ್ರಿಲ್ ಬಿಸಿಲಿಗೆ ಮೊಂಡುಮೂಗಿನ ಪಗ್, ಶಿಟ್ಜು ಅಲ್ಲಿ ಬದುಕುವುದು ಕಷ್ಟ. ಗಣಪತಿ ವಿಸರ್ಜನೆ, ದೀಪಾವಳಿ ವಾರದಲ್ಲಿ ಹಸ್ತಾಂತರ ಬೇಡ. ನಾಯಿಯ ಜೊತೆ ಒಗೆಯದ ಅದರದೇ ಹಾಸಿಗೆ, ವಾರಕ್ಕಾಗುವಷ್ಟು ಅದೇ ಆಹಾರ, ಲಸಿಕೆ ಪುಸ್ತಕ, ಆ ನೋಟ್‌ಬುಕ್ ಕಳಿಸಿ.

ಮೊದಲ ತಿಂಗಳು ಕುಂದವಾಡ ಕೆರೆ ಕಡೆ ವಾಕಿಂಗ್ ಬೇಡ, ಕಾಂಪೌಂಡಿನೊಳಗೇ ಸಾಕು. ಹೊರಗೆ ಒಯ್ಯಲೇಬೇಕಾದರೆ ಎರಡು ಹಗ್ಗ, ಒಂದು ಕತ್ತಿನ ಬೆಲ್ಟಿಗೆ, ಒಂದು ಎದೆಗೆ ಸುತ್ತುವ ಹಾರ್ನೆಸ್‌ಗೆ. ಹೆದರಿ ಹಿಂದೆ ಸರಿದ ನಾಯಿ ಒಂದೇ ಬೆಲ್ಟಿನಿಂದ ತಲೆ ಜಾರಿಸಿಕೊಳ್ಳುತ್ತದೆ. ತಪ್ಪಿಸಿಕೊಂಡರೆ ಹೆಸರು ಕೂಗುತ್ತ ಬೆನ್ನಟ್ಟಬೇಡಿ, ಹುಡುಗರ ಗುಂಪು ಕಟ್ಟಿಕೊಂಡು ಹೋಗಬೇಡಿ, ಓಡಿಸಿದಷ್ಟೂ ಹೈವೇ ಕಡೆ ಹೋಗುತ್ತದೆ. ಕೊನೆಗೆ ಕಂಡ ಜಾಗದಲ್ಲಿ ಅದರ ಹಾಸಿಗೆ, ವಾಸನೆ ಬರುವ ಕೋಳಿ ಇಟ್ಟು, ಅದಕ್ಕೆ ಪರಿಚಯವಿರುವ ಫಾಸ್ಟರ್ ಮನೆಯವರನ್ನು ಕರೆಸಿ, ಸಂಜೆ ಕತ್ತಲಾದ ಮೇಲೆ ಅವರೊಬ್ಬರೇ ನೆಲದಲ್ಲಿ ಕೂತು ಕಾಯಲಿ.