ಇವತ್ತು ನಾನು ಎಲ್ಲಿ ಮಲಗಲಿ?

ರಾತ್ರಿ ಊಟವಾಗಿ ಪಾತ್ರೆ ತೊಳೆದಿಡುವ ಹೊತ್ತಿಗೆ ನನ್ನ ಒಂಬತ್ತು ವರ್ಷದ ಮಗಳು ದಿಂಬನ್ನು ಎದೆಗೆ ಅವಚಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ‘ಅಮ್ಮ, ಇವತ್ತು ನಾನು ಎಲ್ಲಿ ಮಲಗಲಿ?’ ಎಂದು ಕೇಳುತ್ತಿದ್ದಳು. ಅವಳ ದನಿಯಲ್ಲಿ ದೂರು ಇರುತ್ತಿರಲಿಲ್ಲ. ನಾಳೆ ಶಾಲೆಗೆ ಯಾವ ಪುಸ್ತಕ ಒಯ್ಯಬೇಕು ಎಂದು ವಿಚಾರಿಸುವಷ್ಟೇ ಸಹಜವಾಗಿ ಕೇಳುತ್ತಿದ್ದಳು. ನಾನೂ ಅಷ್ಟೇ ಸಹಜವಾಗಿ ‘ಅಜ್ಜಿಯ ಪಕ್ಕ’ ಎಂದೋ ‘ಇವತ್ತು ಅಪ್ಪ ಇಲ್ಲ, ಮಂಚದ ಮೇಲೆ ಬಾ’ ಎಂದೋ ಹೇಳಿ ಕಳಿಸುತ್ತಿದ್ದೆ. ಎರಡು ತಿಂಗಳು ಹೀಗೇ ನಡೆದ ಮೇಲೆ ಒಂದು ರಾತ್ರಿ ಆ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ಈ ಮನೆಯಲ್ಲಿ ಬಕೆಟ್ಟಿಗೂ ಚಪ್ಪಲಿಗೂ ಇಂಥದೇ ಎಂಬ ಜಾಗವಿದೆ, ಮಗಳಿಗೆ ಇಲ್ಲ.

ನಮ್ಮದು ಚಿಕ್ಕ ಬಾಡಿಗೆ ಮನೆ. 10 ಅಡಿಗೆ 11 ಅಡಿಯ ಒಂದು ಕೋಣೆ, ಅದಕ್ಕಿಂತ ಸ್ವಲ್ಪ ದೊಡ್ಡದಾದ ಹಾಲ್, ಅಡುಗೆಮನೆ, ಹಾಲಿಗೆ ಬಾಗಿಲು ಇರುವ ಒಂದು ಬಚ್ಚಲು. ಮಲಗುವವರು ಐದು ಜನ: 72 ವರ್ಷದ ಅತ್ತೆ, ನಾನು, ಮೂರು ವಾರಕ್ಕೊಮ್ಮೆ ರಾತ್ರಿ ಪಾಳಿಗೆ ಹೋಗುವ ನನ್ನ ಪತಿ, ಮಗಳು, ಮತ್ತು ಆಗ ಎರಡು ತಿಂಗಳಿನವನಾಗಿದ್ದ ಮಗ. ಮಗ ಹುಟ್ಟುವವರೆಗೆ ಕೋಣೆ ನಮ್ಮ ಮೂವರದಾಗಿತ್ತು. ಅತ್ತೆ ಬಂದ ಮೇಲೆ ಕೋಣೆಯ ಒಳಮೂಲೆಯ ಮಂಚವನ್ನು ಗೌರವದಿಂದ ಅವರಿಗೆ ಬಿಟ್ಟುಕೊಟ್ಟೆವು. ಉಳಿದವರು ಅಲ್ಲಿ ಇಲ್ಲಿ ಹಾಸಿಕೊಂಡೆವು. ಯಾರೂ ಕೂತು ಯೋಚಿಸಿ ಮಾಡಿದ ಏರ್ಪಾಡಲ್ಲ ಅದು.

ಅದರ ತಪ್ಪು ಗೊತ್ತಾಗಿದ್ದು ಎರಡು ಘಟನೆಗಳಿಂದ. ಅತ್ತೆಗೆ ರಾತ್ರಿ ಎರಡು ಸಲ ಬಚ್ಚಲಿಗೆ ಹೋಗಲೇಬೇಕು. ಒಳಮೂಲೆಯಿಂದ ಎದ್ದು, ಕತ್ತಲಲ್ಲಿ ನನ್ನ ಹಾಸಿಗೆಯ ಅಂಚು ಹಿಡಿದು, ನೆಲದ ಮೇಲೆ ಮಲಗಿದ್ದ ಮಗಳನ್ನು ದಾಟಿ ಹೋಗಬೇಕಿತ್ತು. ಒಂದು ರಾತ್ರಿ ಅವರ ಕಾಲು ಮಗಳ ಕೈಮೇಲೆ ಬಿತ್ತು. ಮಗಳು ಚೀರಿದಳು, ಅತ್ತೆ ಬೆದರಿ ಹಿಂದಕ್ಕೆ ವಾಲಿದರು, ಬೀರುವಿನ ಬಾಗಿಲು ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. ಆಮೇಲೆ ಅವರು ಸಂಜೆ ಆರರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟುಬಿಟ್ಟಿದ್ದರು. ಅದು ನನಗೆ ತಿಳಿದಿದ್ದು ಎಷ್ಟೋ ದಿನಗಳ ನಂತರ. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಎರಡನೆಯದು ಮಗಳ ಹಾಸಿಗೆ. ನೆಲಕ್ಕೆ ಹಾಸಿದ ಅವಳ ಹತ್ತಿಯ ಹಾಸಿಗೆಯನ್ನು ಒಂದು ಬೆಳಿಗ್ಗೆ ಗುಡಿಸಲೆಂದು ಎತ್ತಿದೆ. ಅಡಿಭಾಗ ತಣ್ಣಗೆ, ಹಸಿ ಬಟ್ಟೆ ಮುಟ್ಟಿದ ಹಾಗಿತ್ತು. ನಡುವೆ, ಅವಳ ಬೆನ್ನು ಬರುವ ಜಾಗದಲ್ಲಿ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳು. ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಅದೇ ಆಕಾರದ ತೇವದ ಕಲೆ ನೆಲದ ಮೇಲೂ ಇತ್ತು. ಮಲಗಿದವರ ಬೆವರು, ಮೈಯ ಬೆಚ್ಚಗಿನ ಹಸಿ ಹಾಸಿಗೆಯೊಳಗೆ ಇಳಿದು ತಣ್ಣನೆಯ ನೆಲ ಮುಟ್ಟಿದ ಕೂಡಲೇ ನೀರಾಗುತ್ತದೆ. ಕೆಳಗೆ ಗಾಳಿಯಾಡದಿದ್ದರೆ ಆ ನೀರು ಹೋಗುವುದೆಲ್ಲಿಗೆ? ಬೂಷ್ಟಾಗುತ್ತದೆ. ಮೇಲಿನ ಹೊದಿಕೆಯನ್ನು ವಾರ ವಾರ ಒಗೆಯುತ್ತಿದ್ದ ನಾನು ಹಾಸಿಗೆಯನ್ನು ಮಗುಚಿ ನೋಡಿರಲಿಲ್ಲ. ಅವಳ ತಿಂಗಳ ಕೆಮ್ಮಿಗೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ, ಹಾಸಿಗೆಯನ್ನಂತೂ ಅಂದೇ ಎಸೆದೆ.

ಆ ಭಾನುವಾರ ಎಲ್ಲರೂ ಕೂತೆವು. ಮೊದಲು ಒಂದು ಹಾಳೆಯಲ್ಲಿ ಯಾರು ಎಷ್ಟು ಹೊತ್ತಿಗೆ ಮಲಗುತ್ತಾರೆ, ಎಷ್ಟು ಹೊತ್ತಿಗೆ ಏಳುತ್ತಾರೆ, ನಡುರಾತ್ರಿ ಯಾರಿಗೆ ಎಷ್ಟು ಸಲ ಎಚ್ಚರವಾಗುತ್ತದೆ, ಆಗ ಎಲ್ಲಿಗೆ ಹೋಗುತ್ತಾರೆ ಎಂದು ಬರೆದೆ. ಅಂಗಡಿಗೆ ಹೋಗಿ ಮಂಚ ನೋಡುವ ಮುಂಚೆ ಈ ಹಾಳೆ ಬರೆಯಿರಿ ಎಂದು ಯಾರಿಗಾದರೂ ನಾನು ಕೈಮುಗಿದು ಹೇಳುತ್ತೇನೆ. ನಮ್ಮ ಹಾಳೆಯಲ್ಲಿ ಎದ್ದು ಕಂಡದ್ದು ಇಷ್ಟು: ರಾತ್ರಿ ಅತಿ ಹೆಚ್ಚು ನಡೆಯುವವರು ಅತ್ತೆ, ಅವರಿಗೇ ನಾವು ಬಚ್ಚಲಿನಿಂದ ಅತಿ ದೂರದ ಜಾಗ ಕೊಟ್ಟಿದ್ದೆವು. ಒಮ್ಮೆ ಮಲಗಿದರೆ ಬೆಳಗಿನವರೆಗೆ ಏಳದವಳು ಮಗಳು, ಅವಳನ್ನು ಎಲ್ಲರೂ ಓಡಾಡುವ ದಾರಿಯಲ್ಲಿ ಮಲಗಿಸಿದ್ದೆವು.

ಆಮೇಲೆ ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ ಮಂಚಗಳ ಅಳತೆಗೆ ಕತ್ತರಿಸಿದೆವು. ನಮ್ಮ ದೊಡ್ಡ ಮಂಚ 5 ಅಡಿಗೆ ಆರೂವರೆ ಅಡಿ. ಅದೊಂದೇ ಕೋಣೆಯ ನೆಲದ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲನ್ನು ನುಂಗುತ್ತದೆ ಎಂಬುದು ಕಾಗದ ಹಾಸಿದ ಮೇಲೆಯೇ ಕಣ್ಣಿಗೆ ಬಿದ್ದದ್ದು. ಒಬ್ಬರ ಮಂಚಕ್ಕೆ 3 ಅಡಿಗೆ 6 ಅಡಿ. ನಡುವೆ ನಡೆಯಲು ಕಡಿಮೆಯೆಂದರೂ 2 ಅಡಿ ಬೇಕು, ವಯಸ್ಸಾದವರಿಗೆ ಅದಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. ಕಾಗದಗಳನ್ನು ಸರಿಸುತ್ತಾ, ತಿರುಗಿಸುತ್ತಾ ಮಧ್ಯಾಹ್ನವೆಲ್ಲ ಕಳೆಯಿತು. ಕೊನೆಗೆ ದೀಪ ಆರಿಸಿ, ಪರದೆ ಎಳೆದು, ಅತ್ತೆಯನ್ನು ಅವರ ಕಾಗದದಿಂದ ಬಚ್ಚಲಿನವರೆಗೆ ನಡೆದು ತೋರಿಸಿ ಎಂದು ಕೇಳಿಕೊಂಡೆ. ಹಳೆಯ ಜಾಗದಿಂದ ಹದಿನಾಲ್ಕು ಹೆಜ್ಜೆ, ಒಂದು ಹೊಸ್ತಿಲು. ಹೊಸ ಜಾಗದಿಂದ ಐದು ಹೆಜ್ಜೆ, ಗೋಡೆಯ ಆಸರೆ ಪೂರ್ತಿ.

ಹೊಸ ಜಾಗ ಹಾಲಿನಲ್ಲಿತ್ತು. ಅಲ್ಲೇ ಕಷ್ಟ ಬಂತು. ‘ಅಂದರೆ ನನ್ನನ್ನು ಹೊರಗೆ ಹಾಕುತ್ತೀರಾ?’ ಎಂದರು ಅತ್ತೆ. ಮೆಲ್ಲಗೆ ಹೇಳಿದರೂ ಆ ಮಾತು ನನ್ನನ್ನು ಚುಚ್ಚಿತು. ಅವರು ಹೇಳಿದ್ದರಲ್ಲಿ ನಿಜವಿತ್ತು. ಚಿಕ್ಕ ಮನೆಯಲ್ಲಿ ಹಾಲಿನಲ್ಲಿ ಮಲಗುವವರಿಗೆ ತಮ್ಮದೇ ಆದ ಸಂಜೆ ಎಂಬುದಿಲ್ಲ. ಟಿವಿ ಆರುವವರೆಗೆ, ಬಂದವರು ಹೋಗುವವರೆಗೆ, ಕೊನೆಯವರು ಊಟ ಮುಗಿಸುವವರೆಗೆ ಅವರು ಕಾಯಬೇಕು. ಬೆಳಿಗ್ಗೆ ಮೊದಲು ಎದ್ದವರ ಸದ್ದಿಗೆ ಅವರೂ ಏಳಬೇಕು. ‘ಅತ್ತೆ, ನಿಮ್ಮ ಮಂಚ ಇರುವ ಕಡೆ ನಿಮ್ಮ ಹೊತ್ತೇ ನಡೆಯುತ್ತದೆ’ ಎಂದು ನಾನು ಮಾತು ಕೊಟ್ಟೆ. ಒಂಬತ್ತೂವರೆಗೆ ಹಾಲಿನ ದೀಪ ಆರುತ್ತದೆ. ಮಾತಿದ್ದರೆ ಅಡುಗೆಮನೆಯಲ್ಲಿ, ಬಾಗಿಲು ಮುಚ್ಚಿ. ಬೆಳಗಿನ ಮಿಕ್ಸಿ ಆರೂವರೆಯ ಮೇಲೆ. ಟಿವಿಯನ್ನು ಅವರ ಕಾಲ ದಿಕ್ಕಿನಿಂದ ಎದುರು ಗೋಡೆಗೆ ಸಾಗಿಸಿದೆವು. ಕನ್ನಡಕ, ಮಾತ್ರೆ, ನೀರಿನ ಬಾಟಲಿ, ಮೊಬೈಲ್ ಇಡಲು ಕೈಗೆಟುಕುವ ಹಾಗೆ ಒಂದು ಪುಟ್ಟ ಮೇಜು ಬಂತು. ಆ ಮೇಜಿನ ಮೇಲೆ ಮನೆಯ ಇನ್ನಾರ ವಸ್ತುವನ್ನೂ ಇಡುವಂತಿಲ್ಲ. ಈ ಕೊನೆಯ ನಿಯಮ ಮಗಳು ಮಾಡಿದ್ದು, ಅತ್ತೆಯ ಮುಖ ಅರಳಿದ್ದೂ ಅದಕ್ಕೇ.

ಮಂಚದ ಎತ್ತರದ ಬಗ್ಗೆ ಒಂದು ಮಾತು. ಅವರ ಹಳೆಯ ಮಂಚದ ಮೇಲೆ ದಪ್ಪ ಹಾಸಿಗೆ ಹಾಕಿದಾಗ ಒಟ್ಟು 24 ಇಂಚು ಆಗುತ್ತಿತ್ತು. ಅಂಚಿನಲ್ಲಿ ಕೂತರೆ ಅತ್ತೆಯ ಪಾದ ನೆಲಕ್ಕೆ ತಾಗುತ್ತಿರಲಿಲ್ಲ, ಜಾರಿ ಇಳಿಯಬೇಕಿತ್ತು. ತೀರ ತಗ್ಗಾದರೂ ಮಂಡಿನೋವಿನವರು ಏಳಲಾರರು. ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು, ಮಂಡಿ ಸರಿಯಾಗಿ ಮಡಿಚಿರಬೇಕು. ತೆಳುವಾದ, ಗಟ್ಟಿ ಹಾಸಿಗೆ ಹಾಕಿ 18 ಇಂಚಿಗೆ ತಂದೆವು. ಮಂಚದಿಂದ ಬಚ್ಚಲಿನ ದಾರಿಯಲ್ಲಿ ನೆಲದ ಹತ್ತಿರ, ಯಾರಾದರೂ ನಡೆದರೆ ತಾನೇ ಹತ್ತಿಕೊಳ್ಳುವ ಮಂದ ಹಳದಿ ದೀಪ ಇಟ್ಟೆವು. ಅತ್ತೆ ಈಗ ರಾತ್ರಿ ನೀರು ಕುಡಿಯುತ್ತಾರೆ.

ಮಗನ ವಿಷಯದಲ್ಲಿ ನಾನು ಯಾವ ರಾಜಿಗೂ ಒಪ್ಪಲಿಲ್ಲ. ಜಾಗವಿಲ್ಲವೆಂದು ಅವನನ್ನು ನಮ್ಮ ನಡುವೆಯೋ ಅಕ್ಕನ ಪಕ್ಕದಲ್ಲೋ ಮಲಗಿಸುವುದು ಸುಲಭವಾಗಿತ್ತು. ಆದರೆ ಹಸುಗೂಸಿಗೆ ದೊಡ್ಡವರ ಮೆತ್ತನೆಯ ಹಾಸಿಗೆ, ದಿಂಬು, ಹೊದಿಕೆ ಇವೆಲ್ಲ ಉಸಿರು ಕಟ್ಟಿಸಬಲ್ಲವು. ಕನಿಷ್ಠ ಮೊದಲ ಆರು ತಿಂಗಳು ಮಗು ಹೆತ್ತವರ ಕೋಣೆಯಲ್ಲೇ, ಆದರೆ ತನ್ನದೇ ಬೇರೆ ಹಾಸಿಗೆಯಲ್ಲಿ, ಬೆನ್ನ ಮೇಲೆ ಮಲಗಬೇಕು ಎಂದು ಮಕ್ಕಳ ವೈದ್ಯರು ಬಿಡಿಸಿ ಹೇಳಿದ್ದರು. ಹಾಗಾಗಿ ಕಟಕಟೆ ಇರುವ ಪುಟ್ಟ ಮಂಚ ತಂದೆವು. ಕಂಬಿಗಳ ನಡುವಿನ ಸಂದು 6 ಸೆಂಟಿಮೀಟರಿಗಿಂತ ಕಡಿಮೆ, ಗಟ್ಟಿಯಾದ ಸಮತಟ್ಟು ಹಾಸಿಗೆ, ಸುತ್ತ ಬೆರಳೆರಡು ತೂರುವಷ್ಟೂ ಸಂದಿಲ್ಲ. ಅದರೊಳಗೆ ಬಿಗಿಯಾಗಿ ಹಾಸಿದ ಒಂದು ಬಟ್ಟೆ ಮತ್ತು ಮಗು, ಅಷ್ಟೇ. ದಿಂಬಿಲ್ಲ, ಬೊಂಬೆಯಿಲ್ಲ. ನೋಡಿದವರು ‘ಬರಿದಾಗಿದೆಯಲ್ಲ’ ಎನ್ನುತ್ತಾರೆ. ಬರಿದಾಗಿರಲಿ.

ಅದಕ್ಕೆ ಬೀಗ ಹಾಕಬಹುದಾದ ಗಾಲಿಗಳಿವೆ. ಕೊಳ್ಳುವ ಮುಂಚೆ ಕೋಣೆಯ ಬಾಗಿಲು ಅಳೆದುಕೊಂಡು ಹೋಗಿದ್ದೆ: ಬಾಗಿಲು 30 ಇಂಚು, ಮಂಚ 26. ಇವರು ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವ ವಾರ ಮಗನನ್ನು ಮಂಚ ಸಮೇತ ಹಾಲಿಗೆ ತಳ್ಳಿಕೊಂಡು ಬರುತ್ತೇನೆ. ಹಗಲಿನ ಬೆಳಕು ಕಣ್ಣಿಗೆ ಬಿದ್ದರೆ ನಿದ್ದೆಗೆ ಅನುವು ಮಾಡುವ ಮೆಲಟೋನಿನ್ ಮೈಯಲ್ಲಿ ತಗ್ಗುತ್ತದೆ, ಆದ್ದರಿಂದ ಕೋಣೆಯ ಕಿಟಕಿಗೆ ದಪ್ಪ ಎರಡು ಪದರದ ಪರದೆ ಹಾಕಿದ್ದೇವೆ. ಮೊದಲು ನಾಲ್ಕು ಗಂಟೆ ಮಲಗಿದರೆ ಹೆಚ್ಚು ಎನ್ನುತ್ತಿದ್ದವರು ಈಗ ಆರು ಗಂಟೆ ಮಲಗುತ್ತಾರೆ.

ಇನ್ನು ಮಗಳು. ಮೊದಲು ಯೋಚಿಸಿದ್ದು ಎರಡಂತಸ್ತಿನ ಮಂಚ. ಮೇಲಿನ ಅಂತಸ್ತು ಆರು ವರ್ಷ ತುಂಬದ ಮಕ್ಕಳಿಗೆ ಸಲ್ಲದು, ಇವಳಿಗೆ ಒಂಬತ್ತು. ಆದರೆ ನಮ್ಮ ಸೂರಿನ ಎತ್ತರಕ್ಕೆ, ಮೇಲೆ ಕೂತ ಮಗು ಕೈ ಎತ್ತಿದರೆ ಫ್ಯಾನಿನ ರೆಕ್ಕೆ. ಅಲ್ಲಿಗೆ ಆ ಮಾತು ಮುಗಿಯಿತು. ನಮ್ಮ ದೊಡ್ಡ ಮಂಚವನ್ನು ಒಂದು ಗೋಡೆಗೆ ಒತ್ತಿ, ಎದುರು ಮೂಲೆಯಲ್ಲಿ 6 ಅಡಿ ಉದ್ದ, 3 ಅಡಿ ಅಗಲದ ಜಾಗ ಬಿಡಿಸಿದೆವು. ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ ಬೀರುವನ್ನು ಅಡ್ಡ ತಿರುಗಿಸಿದಾಗ ಅದರ ಬೆನ್ನೇ ಅವಳ ಮೂಲೆಗೆ ಮೂರನೆಯ ಗೋಡೆಯಾಯಿತು. ಹೀಗೆ ತಿರುಗಿಸಿದ ಬೀರು ಉರುಳಿಬೀಳಬಹುದು, ಮಕ್ಕಳು ಅದರ ಬಾಗಿಲು ಹಿಡಿದು ಜೋತುಬಿದ್ದರಂತೂ ಅಪಾಯವೇ. ಗೋಡೆಗೆ ಮೊಳೆ ಹೊಡೆಯಬಾರದೆಂಬುದು ಮನೆಯ ಮಾಲೀಕರ ಷರತ್ತು. ಹೋಗಿ ಕಾರಣ ವಿವರಿಸಿ ಕೇಳಿದೆ. ಎರಡು ಸ್ಕ್ರೂಗಳಿಗೆ ಒಪ್ಪಿದರು. ಬೀರುವನ್ನು ಕಬ್ಬಿಣದ ಪಟ್ಟಿಯಿಂದ ಗೋಡೆಗೆ ಬಿಗಿದು, ಭಾರದ್ದನ್ನೆಲ್ಲ ಕೆಳಗಿನ ಅರೆಗೆ ಇಳಿಸಿದೆ. ನಾಲ್ಕನೆಯ ಕಡೆಗೆ ಮೊಳೆ ಬೇಡದ ಸ್ಪ್ರಿಂಗ್ ಸರಳಿನಲ್ಲಿ ತೆಳುವಾದ ಹತ್ತಿಯ ಪರದೆ. ಮಗನ ಮಂಚ ಅಲ್ಲಿಂದ ಒಂದಡಿ ದೂರದಲ್ಲಿದೆ. ಅವನು ಕೈಚಾಚಿ ಎಳೆಯಲು ಕಲಿಯುವ ಮೊದಲು ಅದನ್ನು ಸರಿಸಬೇಕು, ಅದಕ್ಕೆಂದೇ ಮಂಚಗಳ ಅಳತೆಗೆ ಕತ್ತರಿಸಿದ್ದ ಆ ಕಾಗದಗಳನ್ನು ಎತ್ತಿಟ್ಟಿದ್ದೇನೆ.

ಅವಳ ಹಾಸಿಗೆ ಮತ್ತೆ ನೆಲ ಮುಟ್ಟಲಿಲ್ಲ. ಸಂದು ಬಿಟ್ಟು ಜೋಡಿಸಿದ ಮರದ ಪಟ್ಟಿಗಳ, 4 ಇಂಚು ಎತ್ತರದ ಹಲಗೆ ಮಾಡಿಸಿ ಅದರ ಮೇಲೆ ಹಾಸಿದೆವು. ಅವಳು ಬೆಳಿಗ್ಗೆ ಎದ್ದ ಕೂಡಲೇ ಹೊದಿಕೆ ತೆಗೆದು ಹಾಸಿಗೆಯನ್ನು ಬೀರುವಿಗೆ ಒರಗಿಸಿ ನಿಲ್ಲಿಸುತ್ತಾಳೆ, ನಾನು ಕಿಟಕಿ ತೆರೆದಿಡುತ್ತೇನೆ. ಬಿಸಿಲು ಬಿದ್ದ ದಿನ ಹೊರಗೆ ಒಣಗಿಸುತ್ತೇವೆ. ರಾತ್ರಿ ಕೋಣೆಯ ಬಾಗಿಲನ್ನು ಪೂರ್ತಿ ಮುಚ್ಚುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ಉಸಿರಾಡಿದರೆ ಬೆಳಗಾಗುವ ಹೊತ್ತಿಗೆ ಗಾಳಿ ಕಟ್ಟಿ ತಲೆ ಭಾರವಾಗುತ್ತದೆ. ಅತ್ತೆ ಕರೆದರೆ ಕೇಳಿಸಲೂ ಬೇಕು.

ಕಳೆದ ವಾರ ನಂಟರೊಬ್ಬರು ಎರಡು ರಾತ್ರಿಗೆ ಬಂದರು. ಊಟವಾದ ಮೇಲೆ ಮಗಳು ನನ್ನ ಮುಖ ನೋಡುತ್ತಾ ನಿಂತಳು. ಏನೂ ಕೇಳಲಿಲ್ಲ, ದಿಂಬೂ ಕೈಯಲ್ಲಿರಲಿಲ್ಲ. ಬಂದವರಿಗೆ ಮಂಚದ ಮೇಲೆ ನನ್ನ ಪಕ್ಕದಲ್ಲಿ ಹಾಸಿದೆ. ನನ್ನ ಪತಿ ಮಡಚುವ ಹಾಸಿಗೆ ತೆಗೆದುಕೊಂಡು ಅಡುಗೆಮನೆಗೆ ಹೋದರು. ‘ನೀನು ನಿನ್ನ ಜಾಗಕ್ಕೆ ಹೋಗು, ಹೊತ್ತಾಯಿತು’ ಎಂದೆ. ಪರದೆ ಸರಿದ ಸದ್ದು, ಹಲಗೆ ಒಮ್ಮೆ ಕಿರುಗುಟ್ಟಿದ್ದು ಕೇಳಿಸಿತು. ಅವಳ ಪುಟ್ಟ ದೀಪದ ಬೆಳಕು ಹತ್ತಿಯ ಬಟ್ಟೆಯೊಳಗಿಂದ ಸ್ವಲ್ಪ ಹೊತ್ತು ಕಂಡಿತು, ಪುಸ್ತಕದ ಹಾಳೆ ನಾಲ್ಕಾರು ಸಲ ಮಗುಚಿತು. ಆಮೇಲೆ ಪರದೆಯ ಅಂಚು ಒಂದು ಗೇಣು ತೆರೆದುಕೊಂಡಿತು. ತಮ್ಮ ಮಲಗಿದ್ದಾನೆಯೇ ಎಂದು ಇಣುಕಿ ನೋಡಿದಳು. ದೀಪ ಆರಿತು.