ಬ್ರೋಫಿ ಬದುಕಿದ್ದರಿಂದ ಗೊತ್ತಾದ ಕಥೆ

ಆಂಡ್ರ್ಯೂ ಮಿನಾರ್ಸ್ಕಿ ಯಾಕೋ ತಲೆಯಿಂದ ಹೋಗುತ್ತಿಲ್ಲ. ಕೆನಡಾದ ವಿನಿಪೆಗ್‌ನವನು, ಪೋಲೆಂಡಿನಿಂದ ವಲಸೆ ಬಂದವರ ಮಗ. ಅಪ್ಪ ಬೇಗ ತೀರಿಕೊಂಡರು. ಮನೆ ನಡೆಸಲು ಚರ್ಮ ಕತ್ತರಿಸುವ ಕೆಲಸಕ್ಕೆ ಸೇರಿದ. ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ ವಾಯುಪಡೆ, ಆಮೇಲೆ ಲ್ಯಾಂಕಾಸ್ಟರ್ ಅನ್ನೋ ಬ್ರಿಟಿಷ್ ಬಾಂಬರ್ ವಿಮಾನದಲ್ಲಿ ಗನ್ನರ್, ಅಂದರೆ ಗನ್ ಹಾರಿಸುವವನು.

1944ರ ಜೂನ್ 12ರ ರಾತ್ರಿ ಫ್ರಾನ್ಸಿನ ಕಾಂಬ್ರೆ ಕಡೆ ಹೊರಟಿದ್ದರು. ಜರ್ಮನ್ ಫೈಟರ್ ಹೊಡೆತಕ್ಕೆ ವಿಮಾನ ಹೊತ್ತಿಕೊಂಡಿತು. ಎಲ್ಲರೂ ಹಾರಿ ಅಂದ ಪೈಲಟ್. ಮಿನಾರ್ಸ್ಕಿ ಹಾರುವ ಮುಂಚೆ ತಿರುಗಿ ನೋಡಿದರೆ, ಬಾಲದ ಗನ್ನರ್ ಪ್ಯಾಟ್ ಬ್ರೋಫಿ ತನ್ನ ಗನ್ ಇರುವ ಗೂಡಿನಲ್ಲೇ ಸಿಕ್ಕಿಬಿದ್ದಿದ್ದ. ಇವನು ಬೆಂಕಿಯೊಳಗೆ ತೆವಳಿಕೊಂಡು ಹೋದ. ಕೊಡಲಿಯಿಂದ ಹೊಡೆದ, ಬರಿಗೈಯಲ್ಲಿ ಎಳೆದ. ಗೂಡು ಅಲುಗಲಿಲ್ಲ. ಹೋಗು ಅಂತ ಬ್ರೋಫಿಯೇ ಕೈಸನ್ನೆ ಮಾಡಿದ. ಮೈಮೇಲಿನ ಬಟ್ಟೆ ಉರಿಯುತ್ತಿರುವಾಗಲೇ ಸೆಲ್ಯೂಟ್ ಹೊಡೆದು ಹಾರಿದ. ಸುಟ್ಟಗಾಯಗಳಿಂದ ಸತ್ತಾಗ ಅವನಿಗೆ ಬರೀ 27.

ವಿಚಿತ್ರ ನೋಡಿ, ವಿಮಾನ ನೆಲಕ್ಕೆ ಅಪ್ಪಳಿಸಿದಾಗ ಬ್ರೋಫಿ ಆಚೆ ಎಸೆಯಲ್ಪಟ್ಟು ಬದುಕಿಬಿಟ್ಟ! ಅವನು ಹೇಳಿದ್ದಕ್ಕೇ 1946ರಲ್ಲಿ ಮಿನಾರ್ಸ್ಕಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು.

ಆ ಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಬಾಂಬ್ ದಾಳಿ ವಿಭಾಗವಾದ ಬಾಂಬರ್ ಕಮಾಂಡಿನಲ್ಲಿ ಸತ್ತವರು 55 ಸಾವಿರಕ್ಕೂ ಜಾಸ್ತಿ. (ಕೆಳಗೆ ಬಾಂಬಿಗೆ ಸಿಕ್ಕವರ ಲೆಕ್ಕ ಬೇರೆ, ಅದನ್ನೂ ಮರೆಯೋಕಾಗಲ್ಲ.) ಪೂರ್ತಿ ಸಿಬ್ಬಂದಿಯೇ ಸತ್ತ ಎಷ್ಟೋ ವಿಮಾನಗಳಲ್ಲೂ ಯಾರೋ ಯಾರಿಗೋ ಹೀಗೇ ತಿರುಗಿ ಬಂದಿರಬಹುದು, ಅಲ್ವಾ?