ಲೋಟ ಬಿಡದ ಅಂಕಲ್

ಗಾಂಧಿ ಬಜಾರಿನ ದರ್ಶಿನಿ ಎದುರು ಇವತ್ತು ಬೆಳಿಗ್ಗೆ ಟ್ರಾನ್ಸ್‌ಫಾರ್ಮರ್ ಢಂ ಅಂತು.

ಕಾಫಿ ಕುಡಿಯುತ್ತಿದ್ದವರೆಲ್ಲ ಹಿಂದೆಮುಂದೆ ನೋಡದೆ ಓಡಿದೆವು. ಒಬ್ಬರು ಅಂಕಲ್ ಚಪ್ಪಲಿ ಬಿಟ್ಟು ಓಡಿದರು, ಬೈಟೂ ಕಾಫಿ ಲೋಟ ಮಾತ್ರ ಬಿಡಲಿಲ್ಲ. ರಸ್ತೆಯಾಚೆ ನಿಂತು ನೋಡಿಕೊಂಡರೆ ಅರ್ಧ ಕಾಫಿ ಇನ್ನೂ ಹಾಗೇ ಇದೆ! ಅವರಿಗೇ ಆಶ್ಚರ್ಯ. ಕುಡಿದು ಮುಗಿಸಿಯೇ ಚಪ್ಪಲಿ ಹುಡುಕಲು ಬಂದರು.

ಯೋಚನೆ ಮಾಡಿ ಓಡಿದ್ದಲ್ಲ ಅಲ್ವಾ ಅದು? ಮೆದುಳಿನಲ್ಲಿ ಅಮಿಗ್ಡಲಾ ಅಂತ ಬಾದಾಮಿ ಆಕಾರದ ಭಾಗವಿದೆ. ಏನಾಯಿತು ಅಂತ ನಮಗೆ ಪೂರ್ತಿ ತಿಳಿಯುವ ಮೊದಲೇ ಅದು ಎಚ್ಚರಿಸಿರುತ್ತದೆ. ಅಡ್ರಿನಲಿನ್ ಅನ್ನೋ ಹಾರ್ಮೋನ್ ಏರುತ್ತದೆ, ಎದೆ ಡವಡವ. ಹೋರಾಡು, ಇಲ್ಲವೇ ಓಡು. ದೇಹ ಹೀಗೆ ಸಜ್ಜಾಗುವುದನ್ನು ವಾಲ್ಟರ್ ಕ್ಯಾನನ್ ಎಂಬ ಅಮೆರಿಕದ ವಿಜ್ಞಾನಿ 1915ರಲ್ಲೇ ಬರೆದಿದ್ದರು.

(ದೋಸೆ ಭಟ್ಟರು ಮಾತ್ರ ಕದಲಲಿಲ್ಲ. ಅಭ್ಯಾಸ ಆಗಿರಬೇಕು, ಸುಮ್ನೆ ದೋಸೆ ಮಗುಚಿದರು.)

ಹುಲಿ, ಹಾವಿನ ಕಾಲದ ಏರ್ಪಾಡು ಇದು. ಈಗ ಹುಲಿ ಬನ್ನೇರುಘಟ್ಟದಲ್ಲಿ ಬೇಲಿಯೊಳಗಿದೆ. ಆದರೆ ಮ್ಯಾನೇಜರ್ "ಒಂದ್ನಿಮಿಷ ಮಾತಾಡ್ಬೇಕು" ಅಂತ ಮೆಸೇಜ್ ಹಾಕಿದರೂ ಅದೇ ಡವಡವ, ಅದೇ ಒಣ ಬಾಯಿ. ಹೋರಾಡೋಣ ಅಂದ್ರೆ ಇಎಂಐ ಇದೆ. ಓಡೋಣ ಅಂದ್ರೆ ಸಿಲ್ಕ್ ಬೋರ್ಡಲ್ಲಿ ಜಾಮ್.